ಜಗಲಿ ಮೇಲೆ ಯಾರು, ಅಂಗಳದಲ್ಲಿ ಯಾರು? ಅಂಗನವಾಡಿಯೊಳಗಿನ ಜಾತಿಯ ಒಂದಿಷ್ಟು ಚರಿತ್ರೆ



ಸ್ವಲ್ಪ ಉದ್ದದ ಪೋಸ್ಟ್. ಪುರುಸೊತ್ತು ಮಾಡ್ಕೊಂಡು ಓದಿ. ಜಗಳ ಆಡೋದಿದ್ರೆ ಪೂರ್ತಿ ಓದಿ ಆಮೇಲೆ ಬನ್ನಿ.

ಹೋದ ತಿಂಗಳು ಸಾಗರದಲ್ಲಿ ಒಂದಷ್ಟು ಅಂಗನವಾಡಿ ಕಾರ್ಯಕರ್ತೆಯರ ಜೊತೆ ಕೂತು ಮಾತಾಡುವ ಅವಕಾಶ ಸಿಕ್ಕಿತ್ತು. ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಕೆಲವರು ಬಂದಿದ್ದರು. ಪುಟ್ಟ ಮಕ್ಕಳ ನಡುವೆ ಭೇದಭಾವ ಬೆಳೆಯದ ಹಾಗೆ ಆಟ-ಪಾಠ ನಡೆಸೋದು ಹೇಗೆ ಅನ್ನೋದು ವಿಷಯ. ಹೆಣ್ಣು-ಗಂಡು, ಅಂಗವಿಕಲ ಮಕ್ಕಳು, ಬಡವ-ಬಲ್ಲಿದ ಎಲ್ಲ ಮಾತಾಡಿದ್ವಿ. ಎಲ್ಲರೂ ತಲೆ ಆಡಿಸಿದರು. ನಾನು ಜಾತಿ ಅನ್ನೋ ಪದ ತೆಗೆದೆ ನೋಡಿ, ಸಭೆ ತಣ್ಣಗಾಯ್ತು.

ಒಬ್ಬ ಟೀಚರ್ ಎದ್ದು ನಿಂತರು. ಒಳ್ಳೆ ಮನಸ್ಸಿನ ಹೆಂಗಸು, ಇಪ್ಪತ್ತು ವರ್ಷದಿಂದ ಮಕ್ಕಳ ಮೂಗು ಒರೆಸಿದವರು. "ಅಕ್ಕಾ, ಮೂರು ವರ್ಷದ ಮಗೂಗೆ ಜಾತಿ ಏನು ಗೊತ್ತಿರುತ್ತೆ? ಮಕ್ಕಳು ದೇವರ ಸಮಾನ. ಇದನ್ನೆಲ್ಲ ಮಾತಾಡಿ ನಾವೇ ಅವರ ತಲೆಗೆ ತುಂಬಿದ ಹಾಗಾಗಲ್ವಾ?"

ಅವತ್ತು ನಾನು ಏನೋ ಒಂದು ಉತ್ತರ ಕೊಟ್ಟೆ. ಅದು ನನಗೇ ಸಮಾಧಾನ ಆಗಲಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ. ಆ ಟೀಚರ್ ಇದನ್ನು ಓದಲಿ ಅಂತ ಆಸೆ.

ಮೊದಲು ನನ್ನ ಕಥೆ. ನಾನು ಹುಟ್ಟಿದ್ದು 1978ರಲ್ಲಿ, ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯ ಹೊಲೆಯರ ಕೇರಿಯಲ್ಲಿ. ಅಪ್ಪ ಅವ್ವ ಇಬ್ಬರೂ ಅಡಿಕೆ ತೋಟದ ಕೆಲಸಕ್ಕೆ ಹೋಗೋರು. ನನಗೆ ನಾಲ್ಕು ವರ್ಷ ಆದಾಗ ನಮ್ಮೂರಲ್ಲಿ ಒಂದು ಬಾಲವಾಡಿ ಇತ್ತು. ಅದಕ್ಕೆ ಸ್ವಂತ ಕಟ್ಟಡ ಇರಲಿಲ್ಲ. ಊರಿನ ದೊಡ್ಡ ಮನೆಯೊಂದರ ಜಗಲಿ ಮೇಲೆ ನಡೀತಿತ್ತು. ಆ ಮನೆಯವರು ದೊಡ್ಡ ಮನಸ್ಸು ಮಾಡಿ ಜಾಗ ಕೊಟ್ಟಿದ್ದಾರೆ ಅಂತ ಊರೆಲ್ಲ ಹೊಗಳ್ತಿತ್ತು. ಕೊಟ್ಟಿದ್ದು ನಿಜ. ಆದರೆ ಜಗಲಿ ಕೊಟ್ಟಿದ್ದು ಜಗಲಿ ಹತ್ತಬಹುದಾದ ಮಕ್ಕಳಿಗೆ. ನಮ್ಮ ಕೇರಿಯ ಐದು ಮಕ್ಕಳು ಕೂರೋದು ಕೆಳಗೆ ಅಂಗಳದಲ್ಲಿ.

ಯಾರೂ ನಮ್ಮನ್ನು ಬೈಯಲಿಲ್ಲ, ಹೊಡೀಲಿಲ್ಲ. ಹಾಡು ಹೇಳಿಕೊಡುವಾಗ ನಾವೂ ಕೆಳಗಿಂದ ಹೇಳ್ತಿದ್ವಿ. ಉಪ್ಪಿಟ್ಟು ಕೊಡೋ ಹೊತ್ತಿಗೆ ನಾವು ಮುತ್ತುಗದ ಎಲೆ ಹಿಡ್ಕೊಂಡು ನಿಲ್ಲೋದು, ಮೇಲಿಂದ ಸೌಟಲ್ಲಿ ಹಾಕೋರು. ಸೌಟು ಎಲೆಗೆ ತಾಗಬಾರದು. ನಾಲ್ಕು ವರ್ಷದ ನನಗೆ ಎಲೆಯನ್ನು ಎಷ್ಟು ಎತ್ತರಕ್ಕೆ ಹಿಡಿದ್ರೆ ಉಪ್ಪಿಟ್ಟು ಚೆಲ್ಲಲ್ಲ, ಎಷ್ಟು ತಗ್ಗಿಸಿದ್ರೆ ಸೌಟು ತಾಗಲ್ಲ ಅನ್ನೋ ಲೆಕ್ಕ ಸರಿಯಾಗಿ ಗೊತ್ತಿತ್ತು. ನಾನು ಕಲಿತ ಮೊದಲ ಗಣಿತ ಅದು. ಇನ್ನು ಅಡಿಕೆ ಸುಗ್ಗಿ ಬಂತು ಅಂದ್ರೆ ಅಂಗಳದ ತುಂಬ ಬೇಯಿಸಿದ ಅಡಿಕೆ ಹರಡೋರು. ಜಗಲಿಯ ಮಕ್ಕಳಿಗೆ ಬಾಲವಾಡಿ ನಡೀತಿತ್ತು, ನಮಗೆ ರಜ. ಅಡಿಕೆ ಸುಲಿಯೋಕೆ ಹೋದ ಅವ್ವನ ಪಕ್ಕದಲ್ಲಿ ಕೂರೋದು.

ಒಂದು ಮಳೆಗಾಲದ ದಿನ. ಮಲೆನಾಡಿನ ಮಳೆ ಗೊತ್ತಲ್ಲ, ಅಂಗಳದಲ್ಲಿ ನಿಲ್ಲೋಕಾಗಲ್ಲ. ನಾನು ಒಂದು ಮೆಟ್ಟಿಲು ಹತ್ತಿದೆ. ನನ್ನದೇ ವಯಸ್ಸಿನ ಒಂದು ಹುಡುಗಿ, ನನ್ನ ಜೊತೆ ತೋಟದಲ್ಲಿ ಅಡಿಕೆ ಹಾಳೆ ಎಳೆದಾಡಿ ಆಡಿದ ಹುಡುಗಿ, ಓಡಿ ಬಂದು ಎರಡೂ ಕೈ ಅಡ್ಡ ಹಿಡಿದಳು. "ನೀನು ಬರಬಾರದು, ಮುಟ್ಟಾಗ್ತದೆ" ಅಂದಳು. ಸಿಟ್ಟಿಂದ ಅಲ್ಲ. ಕೆರೆ ಹತ್ತಿರ ಹೋಗಬೇಡ ಬೀಳ್ತೀಯ ಅನ್ನೋ ಹಾಗೆ, ಕಾಳಜಿಯಿಂದಲೇ ಹೇಳಿದಳು. ಟೀಚರ್ ನೋಡಿದರು, ಏನೂ ಹೇಳಲಿಲ್ಲ. ನಾನು ಇಳಿದೆ.

ಟೀಚರ್ ಅಕ್ಕಾ, ಆ ಹುಡುಗಿಗೆ ನಾಲ್ಕು ವರ್ಷ. ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ನಮ್ಮಿಬ್ಬರಿಗೂ ಅಕ್ಷರ ಬರುತ್ತಿರಲಿಲ್ಲ ಅಷ್ಟೆ.

ಇದು ನನ್ನೊಬ್ಬಳ ಮನೆ ಕಥೆ ಆಗಿದ್ದರೆ ಇಷ್ಟಕ್ಕೇ ಬಿಡಬಹುದಿತ್ತು. ಆದರೆ ಆ ಜಗಲಿಗೂ ಅಂಗಳಕ್ಕೂ ದೊಡ್ಡ ಚರಿತ್ರೆ ಇದೆ.

ಬಿ.ಎಲ್. ರೈಸ್ 1897ರಲ್ಲಿ ತಂದ ಮೈಸೂರು ಗೆಜೆಟಿಯರ್‌ನಲ್ಲಿ ಮಲೆನಾಡಿನ ಹೊಲೆಯರ ಬಗ್ಗೆ ಒಂದು ವಿವರ ಇದೆ. ಇಲ್ಲಿ ಅವರು ಜೀತದಾಳುಗಳಾಗಿದ್ದರು, ಅದರಲ್ಲಿ ಎರಡು ಬಗೆ ಅನ್ನುತ್ತದೆ ಅದು. ಮನೆಯಲ್ಲೇ ಹುಟ್ಟಿ ವಂಶಪಾರಂಪರ್ಯವಾಗಿ ಆ ಮನೆಗೇ ಸೇರಿದವನು ಹುಟ್ಟಾಳು. ಭೂಮಿಯ ಜೊತೆಗೇ ಮಾರಾಟವಾಗುವವನು ಮಣ್ಣಾಳು. ಹುಟ್ಟಾಳು ಅನ್ನೋ ಪದವನ್ನೇ ಸ್ವಲ್ಪ ಯೋಚಿಸಿ. ಮಗು ಹುಟ್ಟುವಾಗಲೇ ಅದರ ಕೆಲಸ, ಅದರ ಜಾಗ, ಅದು ಯಾರಿಗೆ ಸೇರಿದ್ದು ಎಲ್ಲ ತೀರ್ಮಾನ ಆಗಿರುತ್ತೆ. ಮೂರು ವರ್ಷದ ಮಗುವಿಗೆ ಜಾತಿ ಗೊತ್ತಾ ಅಂತ ನಾವು ಕೇಳ್ತೀವಿ. ಈ ಸೀಮೆಯಲ್ಲಿ ಜಾತಿಗೆ ಮಾತ್ರ ಮೂರು ದಿನದ ಮಗುವೂ ಗೊತ್ತಿತ್ತು.

ಶಾಲೆಯೂ ಇಲ್ಲಿ ಹುಟ್ಟಿದ್ದು ಮನೆಯೊಳಗೇ. ಬಯಲುಸೀಮೆ ಹಾಗೆ ಒತ್ತೊತ್ತಾಗಿ ಮನೆ ಇರೋ ಊರು ಮಲೆನಾಡಲ್ಲಿ ಕಡಿಮೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಗುಡ್ಡ, ಹಳ್ಳ, ತೋಟ. ಹಾಗಾಗಿ ಅನುಕೂಲಸ್ಥ ಮನೆಗಳು ದಕ್ಷಿಣ ಕನ್ನಡದ ಕಡೆಯಿಂದ ಮೇಷ್ಟ್ರನ್ನು ಕರೆಸಿ ಮನೆಯಲ್ಲೇ ಇಟ್ಟುಕೊಂಡು ಮಕ್ಕಳಿಗೆ ಓದಿಸೋರು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಅಕ್ಷರಾಭ್ಯಾಸವೂ ಹೀಗೆ ಮನೆಯ ಶಾಲೆಯಲ್ಲೇ ಶುರುವಾಯ್ತು. ಅದೇ ಕುವೆಂಪು ಮುಂದೆ ಜಾಡಮಾಲಿಯನ್ನು ನಾಯಕನಾಗಿ ಮಾಡಿ 'ಜಲಗಾರ' ನಾಟಕ ಬರೆದರು, 'ಮಲೆಗಳಲ್ಲಿ ಮದುಮಗಳು' ಕಾದಂಬರಿಯಲ್ಲಿ ಹೊಲೆಯರ ಗುತ್ತಿಯನ್ನೂ ತಿಮ್ಮಿಯನ್ನೂ ಕಥೆಯ ಮುಂದಕ್ಕೆ ತಂದರು. ಆ ಋಣ ನಮಗಿದೆ. ನಾನು ಹೇಳ್ತಿರೋದು ಶಾಲೆಯ ಜಾಗದ ಬಗ್ಗೆ. ಶಾಲೆ ಮನೆಯೊಳಗಿದ್ದರೆ ಮನೆಯ ನಿಯಮವೇ ಶಾಲೆಯ ನಿಯಮ. ಮನೆಯೊಳಗೆ ಬರಬಾರದವನ ಮಗು ಶಾಲೆಗೂ ಬರಬಾರದು. ಅದಕ್ಕೆ ಯಾವ ಆದೇಶವೂ ಬೇಕಿಲ್ಲ, ಹೊಸಿಲು ಸಾಕು.

ಸರ್ಕಾರಿ ಶಾಲೆ ಬಂದ ಮೇಲೆ ಏನಾಯ್ತು? ನಮ್ಮ ಕನ್ನಡ ನೆಲದಲ್ಲೇ ಇದರ ದೊಡ್ಡ ಕೇಸು ನಡೆದಿದೆ. 1856ರ ಜೂನ್‌ನಲ್ಲಿ ಧಾರವಾಡದ ಒಬ್ಬ ಮಹಾರ್ ಹುಡುಗ ಬೊಂಬಾಯಿ ಸರ್ಕಾರಕ್ಕೆ ಅರ್ಜಿ ಹಾಕಿದ. ಫೀಸು ಕಟ್ಟೋಕೆ ತಯಾರಿದ್ದೀನಿ, ಆದರೂ ಸರ್ಕಾರಿ ಶಾಲೆಗೆ ನನ್ನನ್ನು ಸೇರಿಸಿಕೊಳ್ತಿಲ್ಲ ಅಂತ. ಸರ್ಕಾರದ ಉತ್ತರದ ಸಾರ ಇಷ್ಟು: ನ್ಯಾಯ ಈ ಹುಡುಗನ ಕಡೆಗೇ ಇದೆ, ಆದರೆ ಒಬ್ಬನನ್ನು ಒಳಗೆ ಬಿಟ್ಟರೆ ಉಳಿದವರೆಲ್ಲ ಶಾಲೆ ಬಿಡುತ್ತಾರೆ, ಅದಕ್ಕೇ ಬಿಡೋಕಾಗಲ್ಲ. ಈ ವಿಷಯ ಕಲ್ಕತ್ತೆಗೂ ಲಂಡನ್ನಿಗೂ ಹೋಯ್ತು. ಕಡೆಗೆ 1858ರಲ್ಲಿ, ಸರ್ಕಾರ ತನ್ನದೇ ಖರ್ಚಲ್ಲಿ ನಡೆಸುವ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಅಂತ ಆಯ್ತು. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಶಿಕ್ಷಣದ ಹೇಳಿಕೆಯಲ್ಲಿ ಈ ಧಾರವಾಡದ ಕೇಸನ್ನು ಎತ್ತಿ ಹೇಳಿದ್ದಾರೆ. ಆ ಹುಡುಗ ಒಂಟಿಯಾಗಿ ನಿಂತು ಇಡೀ ಕಂಪನಿ ಸರ್ಕಾರಕ್ಕೆ ಉತ್ತರ ಕೊಡೋ ಹಾಗೆ ಮಾಡಿದ. ನಮ್ಮ ಮಕ್ಕಳ ಪುಸ್ತಕದಲ್ಲಿ ಅವನ ಪಾಠ ಇರಬೇಕಿತ್ತು.

ಮಂಗಳೂರಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸಾರಸ್ವತ ಬ್ರಾಹ್ಮಣರಾದ ಅವರನ್ನು ಅವರದೇ ಜನ ದೂರ ಇಟ್ಟರು. ಶಾಲೆಗೆ ಬಂದ ಮಕ್ಕಳಿಗೆ ಊಟ ಕೊಟ್ಟರು, ಬಂದಿದ್ದಕ್ಕೆ ಪುಡಿಗಾಸೂ ಕೊಟ್ಟರು. ಹೊಟ್ಟೆಗೂ ಅಕ್ಷರಕ್ಕೂ ಸಂಬಂಧ ಇದೆ ಅಂತ ಅವರಿಗೆ ಗೊತ್ತಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲಿ ಮೊದಲು ಪಂಚಮರಿಗೆ ಅಂತ ಬೇರೆ ಶಾಲೆ ತೆರೆದರು. 1910ರ ದಶಕದಲ್ಲಿ ಸಾರ್ವಜನಿಕ ಶಾಲೆಗಳಿಗೇ ಸೇರಿಸಿಕೊಳ್ಳಬೇಕು ಅನ್ನೋ ಹಂತ ಬಂತು. ಸಿ.ಆರ್. ರೆಡ್ಡಿಯವರಂಥವರು ವಿದ್ಯಾ ಇಲಾಖೆಯ ಮೇಲಿನ ಕುರ್ಚಿಯಲ್ಲಿ ಕೂತು ಅದರ ಪರವಾಗಿ ನಿಂತರು. ಮೇಲ್ಜಾತಿಯವರು ಮಕ್ಕಳನ್ನು ಬಿಡಿಸಿಕೊಂಡು ಹೋಗ್ತೀವಿ ಅಂತ ಹೆದರಿಸಿದರು. ಧಾರವಾಡದಲ್ಲಿ ಕೇಳಿದ ಮಾತೇ ಮತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಹೋರಾಟ ಎಲ್ಲ ಬಾಗಿಲಿನ ಬಗ್ಗೆ. ಬಾಗಿಲು ತೆರೀತು. ಒಳಗೆ ಹೋದ ಮೇಲೆ? ಸಾತಾರದ ಶಾಲೆಯಲ್ಲಿ ಪುಟ್ಟ ಭೀಮರಾವ್ ಗೋಣಿ ತಟ್ಟು ಮನೆಯಿಂದ ತರಬೇಕಿತ್ತು, ಸಂಜೆ ಅದನ್ನು ವಾಪಸ್ ತಗೊಂಡು ಹೋಗಬೇಕಿತ್ತು. ಯಾಕಂದ್ರೆ ಶಾಲೆ ಗುಡಿಸುವವನೂ ಆ ಗೋಣಿ ಮುಟ್ಟುತ್ತಿರಲಿಲ್ಲ. ನೀರು ಕುಡಿಯೋಕೆ ಜವಾನ ಬಂದು ಮೇಲಿಂದ ಹುಯ್ಯಬೇಕು. ಜವಾನ ರಜ ಹಾಕಿದ ದಿನ ನೀರಿಲ್ಲ. ಶಾಲೆಯ ದಾಖಲೆಯಲ್ಲಿ ಅವರ ಹೆಸರು ಇತ್ತು, ಹಾಜರಿಯೂ ಬೀಳ್ತಿತ್ತು. ಕಾನೂನಿನ ಪ್ರಕಾರ ಆ ಶಾಲೆ ತೆರೆದೇ ಇತ್ತು.

ನಮ್ಮ ಜಿಲ್ಲೆ ಹೋರಾಟಗಳ ತವರು ಅಂತ ಎಲ್ಲರೂ ಹೇಳ್ತಾರೆ. ಹೌದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ಅಳೆಯುವ ಕೊಳಗದ ಜಗಳದಿಂದ ಸತ್ಯಾಗ್ರಹ ಶುರುವಾಯ್ತು. ಎಚ್. ಗಣಪತಿಯಪ್ಪ ರೈತರನ್ನು ಕಟ್ಟಿದರು, ಶಾಂತವೇರಿ ಗೋಪಾಲಗೌಡರು ಬೆನ್ನಿಗೆ ನಿಂತರು, ಲೋಹಿಯಾ ಬಂದು ಅರೆಸ್ಟ್ ಆದರು. 1974ರ ಭೂಸುಧಾರಣೆಯಲ್ಲಿ ಗೇಣಿದಾರ ಭೂಮಿಯ ಒಡೆಯ ಆದ. ಆ ಹೋರಾಟದ ಬಗ್ಗೆ ನನಗೆ ಗೌರವ ಇದೆ. ಆದರೆ ಗೇಣಿ ಚೀಟಿ ಇದ್ದವನಿಗೆ ಭೂಮಿ ಸಿಕ್ಕಿತು, ಹುಟ್ಟಾಳಿಗೆ ಯಾವ ಗೇಣಿ ಚೀಟಿ ಇತ್ತು? ನಮ್ಮ ಕೇರಿಗಳ ಬಹುಪಾಲು ಜನ ಮೊದಲೂ ಕೂಲಿ, ಆಮೇಲೂ ಕೂಲಿ. ಒಡೆಯ ಬದಲಾದ ಅಷ್ಟೆ. ಹಗಲೆಲ್ಲ ತೋಟದಲ್ಲಿರುವ ಅವ್ವನ ಮಗುವಿಗೆ ಬಾಲವಾಡಿ ಎಲ್ಲರಿಗಿಂತ ಹೆಚ್ಚು ಬೇಕಿತ್ತು. ಅದೇ ಮಗುವಿಗೆ ಅಂಗಳದಲ್ಲಿ ಜಾಗ.

ಪಕ್ಕದ ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ನನ್ನಂಥವರು ಇವತ್ತು ಬಾಯಿಬಿಟ್ಟು ಮಾತಾಡ್ತಿದ್ದರೆ ಅದು ಆ ಸಂಘಟನೆ ಹಾಕಿದ ಭಿಕ್ಷೆ. 1986ರಲ್ಲಿ ಸೊರಬದ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋಗಿ ಹೊಡೆತ ತಿಂದವರು ಅವರು. ಭೂಮಿ ಕೇಳಿದ್ವಿ, ಹಾಸ್ಟೆಲ್ ಕೇಳಿದ್ವಿ, ಸ್ಕಾಲರ್‌ಶಿಪ್ ಕೇಳಿದ್ವಿ, ಬ್ಯಾಕ್‌ಲಾಗ್ ಹುದ್ದೆ ಕೇಳಿದ್ವಿ. ಆದರೆ ನಾನು ಕೂತ ನೂರಾರು ಮೀಟಿಂಗ್‌ಗಳಲ್ಲಿ ಅಂಗನವಾಡಿ ಅಜೆಂಡಾಗೆ ಬಂದಿದ್ದು ನೆನಪಿಲ್ಲ. ಅದು ಹೆಂಗಸರ ವಿಷಯ, ಮಕ್ಕಳ ವಿಷಯ ಅಂತ ಬಿಟ್ಟುಬಿಟ್ಟೆವು. ಈ ತಪ್ಪಲ್ಲಿ ನನ್ನದೂ ಪಾಲಿದೆ.

ಈಗ ಅಂಗನವಾಡಿಯ ಚರಿತ್ರೆಗೆ ಬರೋಣ. 1945ರ ಹೊತ್ತಿಗೆ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಬಾಲವಾಡಿ ಶುರು ಮಾಡಿದರು. ಹಿಂದುಳಿದ ಜನರ ಮಕ್ಕಳು ಶಾಲೆಗೆ ಬರಲ್ಲ ಅಂದ್ರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಅಂತ ಕೇರಿಯ ಅಂಗಳದಲ್ಲೇ ಬಾಲವಾಡಿ ನಡೆಸಿದರು. ಅಂಗಣ ಅನ್ನೋ ಪದ ಮಕ್ಕಳ ಶಿಕ್ಷಣಕ್ಕೆ ಅಂಟಿಕೊಂಡಿದ್ದು ಹೀಗೆ. ನೋಡಿ ಎಂಥಾ ವ್ಯತ್ಯಾಸ! ಅವರು ಶಾಲೆಯನ್ನು ನಮ್ಮ ಅಂಗಳಕ್ಕೆ ತಂದರು, ನಮ್ಮೂರಲ್ಲಿ ನಮ್ಮನ್ನು ಅವರ ಅಂಗಳದಲ್ಲಿ ನಿಲ್ಲಿಸಿದರು.

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯ್ತು. ಕರ್ನಾಟಕದಲ್ಲಿ ಮೊದಲು ಬಂದಿದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಇವತ್ತು ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಈ ವಯಸ್ಸಿನ ಮಕ್ಕಳಿಗೆ ಕಾನೂನು ಮಾಡಿದ್ದೇನು? ಸಂವಿಧಾನದ 45ನೇ ವಿಧಿ ಮೊದಲಿಗೆ 14 ವರ್ಷದ ತನಕದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಡಬೇಕು ಅಂತ ಹೇಳಿತ್ತು. ಅದರಲ್ಲಿ ಪುಟ್ಟ ಮಕ್ಕಳೂ ಬರುತ್ತಿದ್ದರು. 2002ರಲ್ಲಿ 86ನೇ ತಿದ್ದುಪಡಿ ತಂದು ಶಿಕ್ಷಣವನ್ನು ಮೂಲಭೂತ ಹಕ್ಕು ಮಾಡಿದರು, ಆದರೆ 6ರಿಂದ 14 ವರ್ಷದವರಿಗೆ ಮಾತ್ರ. ಆರಕ್ಕಿಂತ ಚಿಕ್ಕವರ ವಿಷಯದಲ್ಲಿ ಸರ್ಕಾರ ಪ್ರಯತ್ನ ಪಡಲಿ ಅಂತ ಬರೆದು ಬಿಟ್ಟರು. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ದುರ್ಬಲ ವರ್ಗದ ಮಕ್ಕಳಿಗೆ ತಾರತಮ್ಯ ಮಾಡಬಾರದು ಅಂತ ಸ್ಪಷ್ಟವಾಗಿ ಇದೆ. ಆ ರಕ್ಷಣೆಯೂ ಶುರುವಾಗೋದು ಆರನೇ ವರ್ಷಕ್ಕೆ. ಅಷ್ಟು ಹೊತ್ತಿಗೆ ಮಗು ಎಲ್ಲಿ ಕೂರಬೇಕು, ಎಲೆ ಎಷ್ಟು ಎತ್ತರಕ್ಕೆ ಹಿಡೀಬೇಕು ಅನ್ನೋ ಪಾಠ ಮುಗಿಸಿರುತ್ತೆ.

"ಅದೆಲ್ಲ ಹಳೇ ಕಾಲ, ಈಗ ಎಲ್ಲಿದೆ" ಅಂತ ಕಮೆಂಟ್ ಬರುತ್ತೆ ಅಂತ ಗೊತ್ತು. ಊಟದ ವಿಷಯ ನೋಡಿ. ಮಧ್ಯಾಹ್ನದ ಬಿಸಿಯೂಟ ಮಾಡುವ ಕೆಲಸದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮ ಗ್ರಾಮದ ಸರ್ಕಾರಿ ಶಾಲೆ ಸುದ್ದಿಯಾಯ್ತಲ್ಲ, ಯಾಕೆ? ಅಡುಗೆಗೆ ದಲಿತ ಮಹಿಳೆ ಬಂದರು ಅಂತ ಹೆತ್ತವರು ಮಕ್ಕಳನ್ನು ಶಾಲೆ ಬಿಡಿಸಿದರು ಅನ್ನೋ ಕಾರಣಕ್ಕೆ. 1856ರಲ್ಲಿ ಬಾಗಿಲಲ್ಲಿ ನಡೆದದ್ದೇ 169 ವರ್ಷದ ಮೇಲೆ ಅಡುಗೆಮನೆಯಲ್ಲಿ ನಡೀತು. ಸುದ್ದಿಯಾಗೋದು ಹೀಗೆ ಸಾಮೂಹಿಕವಾಗಿ ಬಿಟ್ಟಾಗ. ಒಂದೊಂದೇ ಮಗುವನ್ನು "ಮನೇಲೇ ಊಟ ಮಾಡಿಸ್ತೀವಿ ಟೀಚರ್" ಅಂತ ಹನ್ನೆರಡು ಗಂಟೆಗೆ ಕರ್ಕೊಂಡು ಹೋದರೆ ಯಾರಿಗೆ ಸುದ್ದಿ?

ಪುಟ್ಟ ಮಕ್ಕಳಿಗೆ ಇದೆಲ್ಲ ಅರ್ಥ ಆಗುತ್ತಾ ಅನ್ನೋ ಪ್ರಶ್ನೆಯನ್ನು ಬೇರೆ ದೇಶದವರೂ ಕೇಳಿಕೊಂಡಿದ್ದಾರೆ. ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಅನ್ನೋ ಕಪ್ಪು ಜನಾಂಗದ ಗಂಡ-ಹೆಂಡತಿ, ಇಬ್ಬರೂ ಮನಶ್ಶಾಸ್ತ್ರಜ್ಞರು, 1940ರ ದಶಕದಲ್ಲಿ 3ರಿಂದ 7 ವರ್ಷದ ಕಪ್ಪು ಮಕ್ಕಳ ಮುಂದೆ ಒಂದು ಬಿಳಿ ಗೊಂಬೆ, ಒಂದು ಕಂದು ಗೊಂಬೆ ಇಟ್ಟರು. ಒಳ್ಳೇ ಗೊಂಬೆ ಯಾವುದು ಅಂದರೆ ಹೆಚ್ಚಿನ ಮಕ್ಕಳು ಬಿಳಿಯದನ್ನು ತೋರಿಸಿದವು. ನಿನ್ನ ಹಾಗಿರೋದು ಯಾವುದು ಅಂತ ಕೇಳಿದಾಗ ಕೆಲವು ಮಕ್ಕಳು ಅತ್ತುಬಿಟ್ಟವು. ಕಪ್ಪು-ಬಿಳಿ ಮಕ್ಕಳಿಗೆ ಬೇರೆ ಬೇರೆ ಶಾಲೆ ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ಕೊಟ್ಟ ತೀರ್ಪಲ್ಲಿ ಈ ಸಂಶೋಧನೆಯ ಉಲ್ಲೇಖ ಇದೆ. ಆಮೇಲೆ 1989ರಲ್ಲಿ ಲೂಯಿಸ್ ಡರ್ಮನ್-ಸ್ಪಾರ್ಕ್ಸ್ ಅನ್ನೋ ಶಿಕ್ಷಕಿ ಮತ್ತವರ ಸಂಗಡಿಗರು ಶಿಶುವಿಹಾರದ ಮಕ್ಕಳಿಗೆ ಭೇದಭಾವ ಬಿಡಿಸುವ ಪಾಠಕ್ರಮ ಬರೆದರು. ಅವರ ಗುರಿಗಳನ್ನು ನಮ್ಮ ಮಾತಲ್ಲಿ ಹೇಳೋದಾದ್ರೆ ನಾಲ್ಕು. ಮಗುವಿಗೆ ತಾನು ಯಾರು ಅನ್ನೋದರಲ್ಲಿ ನಾಚಿಕೆ ಇರಬಾರದು. ತನ್ನ ಹಾಗಿಲ್ಲದವರ ಜೊತೆ ಆರಾಮಾಗಿ ಬೆರೀಬೇಕು. ಅನ್ಯಾಯ ಕಂಡರೆ ಇದು ಅನ್ಯಾಯ ಅಂತ ಗುರುತಿಸಬೇಕು. ಅದನ್ನು ಬಾಯಿಬಿಟ್ಟು ಹೇಳೋ ಧೈರ್ಯ ಬರಬೇಕು. ಬಾಬಾಸಾಹೇಬರು ಹೇಳಿದ ಸ್ವಾಭಿಮಾನ ಮತ್ತು ಬಂಧುತ್ವಕ್ಕೂ ಇದಕ್ಕೂ ನನಗೇನೂ ದೂರ ಕಾಣಲ್ಲ.

ಸರಿ, ನಮ್ಮ ಅಂಗನವಾಡಿಯಲ್ಲಿ ಇದನ್ನು ಮಾಡೋದು ಹೇಗೆ? ಈ ಮೂರು ತಾಲ್ಲೂಕಿನ ಟೀಚರ್‌ಗಳೇ ಮಾಡಿ ತೋರಿಸಿದ್ದನ್ನು ಹೇಳ್ತೀನಿ. ನನ್ನ ಬುದ್ಧಿ ಇದರಲ್ಲಿ ಕಡಿಮೆ.

ಮೊದಲನೇದು ಕೂರೋ ಜಾಗ. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ಅಕ್ಕಪಕ್ಕದ ಮನೆಯವರು ಒಟ್ಟಿಗೆ ಕೂರ್ತಾರೆ. ನಮ್ಮಲ್ಲಿ ಅಕ್ಕಪಕ್ಕದ ಮನೆ ಅಂದ್ರೆ ಒಂದೇ ಜಾತಿ. ಒಬ್ಬ ಟೀಚರ್ ಬೆಳಿಗ್ಗೆ ಬುಟ್ಟಿಯಲ್ಲಿ ಹಲಸು, ಮಾವು, ನೇರಳೆ ಎಲೆ ಇಟ್ಟಿರ್ತಾರೆ. ಮಗು ಕಣ್ಮುಚ್ಚಿ ಒಂದು ಎಲೆ ತೆಗೀಬೇಕು. ಒಂದೇ ಥರದ ಎಲೆ ಸಿಕ್ಕವರು ಅವತ್ತು ಒಟ್ಟಿಗೆ. ದಿನಾ ಗುಂಪು ಬದಲು. ಖರ್ಚು ಸೊನ್ನೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಒಂದನೇ ಕ್ಲಾಸಿನ ಮಕ್ಕಳನ್ನು ಸಾಲು ಬಿಡಿಸಿ ಗುಂಪಲ್ಲಿ ನೆಲದ ಮೇಲೆ ಕೂರಿಸಿದರಲ್ಲ, ಆಗ ಮುಂದಿನ ಬೆಂಚು ಹಿಂದಿನ ಬೆಂಚು ಅನ್ನೋದೇ ಹೋಯ್ತು. ಅದೇ ದಾರಿ.

ಎರಡನೇದು ಊಟ. ತೀರ್ಥಹಳ್ಳಿ ಕಡೆಯ ಒಂದು ಅಂಗನವಾಡಿಗೆ ನಮ್ಮ ಜನರ ಹೆಣ್ಣುಮಗಳೊಬ್ಬಳು ಸಹಾಯಕಿಯಾಗಿ ಬಂದಳು. ಮೂರು ಮನೆಯವರು ಮಕ್ಕಳನ್ನು ನಿಲ್ಲಿಸಿದರು. ಅಲ್ಲಿನ ಟೀಚರ್ ಮೇಲ್ಜಾತಿಯವರು. ಅವರು ಭಾಷಣ ಮಾಡಲಿಲ್ಲ. ದಿನಾ ಮಧ್ಯಾಹ್ನ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಸಹಾಯಕಿ ಬಡಿಸಿದ್ದನ್ನು ಅದೇ ಪಾತ್ರೆಯಿಂದ ಉಂಡರು. ಸಂಜೆ ಆ ಮೂರೂ ಮನೆಗೆ ಹೋಗಿ ಕೂತು ಮಾತಾಡಿದರು. ಎರಡು ತಿಂಗಳಿಗೆ ಎರಡು ಮನೆಯ ಮಕ್ಕಳು ವಾಪಸ್ ಬಂದರು. ಒಂದು ಮಗು ಬರಲಿಲ್ಲ. ಸಹಾಯಕಿಯನ್ನು ಬೇರೆ ಕಡೆ ಹಾಕೋಣ ಅಂತ ಊರಿನವರು ಹೇಳಿದಾಗ ಟೀಚರ್ ಒಪ್ಪಲಿಲ್ಲ. ಬೊಂಬಾಯಿ ಸರ್ಕಾರ ಲೆಕ್ಕ ಹಾಕಿದ ಹಾಗೆ ಅವರು ಲೆಕ್ಕ ಹಾಕಲಿಲ್ಲ.

ಮೂರನೇದು ಮಾತು. ಒಂದು ಮಗುವಿಗೆ "ಬಾ ಪುಟ್ಟ", ಇನ್ನೊಂದಕ್ಕೆ "ಏಯ್, ಬಾರೋ ಇಲ್ಲಿ". ಟೀಚರ್‌ಗೆ ತಾನು ಹಾಗಂತೀನಿ ಅಂತ ಗೊತ್ತೇ ಇರಲ್ಲ. ಮಕ್ಕಳಿಗೆ ಗೊತ್ತಿರುತ್ತೆ. ಹಾಗೇ "ಸ್ನಾನ ಮಾಡಿದ್ಯಾ?" ಅನ್ನೋ ಪ್ರಶ್ನೆ ಯಾವಾಗಲೂ ಯಾವ ಮಗುವಿಗೆ ಬೀಳುತ್ತೆ ನೋಡ್ಕೊಳಿ. ಕೈ ತೊಳೆಸೋದಿದ್ರೆ ಎಲ್ಲರ ಕೈ ತೊಳೆಸಿ. ಹೆಸರನ್ನು ಪೂರ್ತಿ ಕರೆಯಿರಿ.

ನಾಲ್ಕನೇದು ನನಗೆ ತುಂಬ ಇಷ್ಟವಾದದ್ದು. ಸಾಗರದ ಕಡೆ ಒಂದು ಅಂಗನವಾಡಿಯಲ್ಲಿ ಬೆಳಿಗ್ಗೆ ಮಕ್ಕಳನ್ನು ಸುತ್ತ ಕೂರಿಸಿ "ನಿನ್ನೆ ರಾತ್ರಿ ಏನು ಊಟ?" ಅಂತ ಕೇಳೋದು ರೂಢಿ. ಎಲ್ಲರೂ ಅನ್ನ ಸಾರು, ದೋಸೆ, ತಂಬುಳಿ ಅಂತಾರೆ. ನಮ್ಮ ಕೇರಿಯ ಹುಡುಗ ಮಾತ್ರ ದಿನಾ "ಏನಿಲ್ಲ" ಅಂತಿದ್ದ. ಟೀಚರ್ ಪಾಪ ಉಪವಾಸ ಮಲಗ್ತಾನೆ ಅಂದ್ಕೊಂಡು ಮನೆಗೆ ಹೋಗಿ ನೋಡಿದರೆ ಗದ್ದೆಯಲ್ಲಿ ಹಿಡಿದ ಏಡಿ ಸಾರು ಕುದೀತಿತ್ತು. ಮಾರನೇ ದಿನ ಟೀಚರ್ ತಾವೇ ಶುರು ಮಾಡಿದರು. "ನಮ್ಮನೇಲಿ ನಿನ್ನೆ ಮೀನು. ಏಡಿ ತಿನ್ನೋರು ಯಾರ್ಯಾರು?" ಅಂತ ಕೈ ಎತ್ತಿಸಿದರು. ಹನ್ನೆರಡು ಮಕ್ಕಳಲ್ಲಿ ಏಳು ಕೈ ಮೇಲೆದ್ದವು. ಏಡಿ ಹಿಡಿಯೋದು ಹೇಗೆ ಅಂತ ಆ ಹುಡುಗ ಅವತ್ತು ಎಲ್ಲರಿಗೂ ತೋರಿಸಿಕೊಟ್ಟನಂತೆ. ನಾಲ್ಕು ವರ್ಷದ ಮಗು ತನ್ನ ಮನೆ ಊಟವನ್ನು ಬಚ್ಚಿಡೋಕೆ ಕಲಿತಿತ್ತು ಗೆಳೆಯರೇ. ಯಾರೂ ಅದಕ್ಕೆ ಹೇಳಿಕೊಟ್ಟಿರಲಿಲ್ಲ. ಮೊಟ್ಟೆ ವಿಷಯಕ್ಕೆ 2021ರಲ್ಲಿ ಎಷ್ಟು ಗಲಾಟೆ ಆಯ್ತು ನೆನಪಿದೆಯಲ್ಲ? ದೊಡ್ಡವರು ಟಿವಿಯಲ್ಲಿ ಕೂತು ಯಾವುದು ಒಳ್ಳೇ ಊಟ, ಯಾವುದು ಕೆಟ್ಟ ಊಟ ಅಂತ ಮಾತಾಡುವಾಗ ಮಕ್ಕಳೂ ಕೇಳಿಸಿಕೊಳ್ತಾವೆ.

ಐದನೇದು ಗೋಡೆ ಮೇಲಿನ ಚಿತ್ರ, ಆಟದ ಸಾಮಾನು. ಗೊಂಬೆಗಳೆಲ್ಲ ಬೆಳ್ಳಗೆ. 'ನಮ್ಮ ಸಹಾಯಕರು' ಅನ್ನೋ ಚಾರ್ಟಲ್ಲಿ ಡಾಕ್ಟರ್ ಬೆಳ್ಳಗೆ, ಕಸ ಗುಡಿಸುವವರು ಕಪ್ಪಗೆ. ಹಳೇ ಬಟ್ಟೆಯಲ್ಲಿ ಕಪ್ಪು ಗೊಂಬೆ ಹೊಲಿದು ಅದಕ್ಕೆ ಚಂದದ ಹೆಸರಿಡಿ. ಇನ್ನೊಂದು ಎಚ್ಚರಿಕೆ: ತಮಟೆ ಕೇಳಿಸಿ, ಆದರೆ ಆಟದಲ್ಲಿ ತಮಟೆಯನ್ನು ನಮ್ಮ ಮಗುವಿನ ಕೈಗೇ ಕೊಡಬೇಡಿ. ಪೊರಕೆಯನ್ನಂತೂ ಕೊಡಲೇಬೇಡಿ. ಎಲ್ಲರಿಗೂ ಸರದಿ ಬರಲಿ.

ಕಡೇದು, ಮಗುವೇ "ನಾನು ಅವಳ ಕೈ ಹಿಡಿಯಲ್ಲ" ಅಂದಾಗ ಏನು ಮಾಡೋದು? ಹೊಡೀಬೇಡಿ. ಬಾಯಿ ಮುಚ್ಚು ಅನ್ನಬೇಡಿ. ಕೇಳಿಸದ ಹಾಗೆ ಇರಲೇಬೇಡಿ. "ಯಾಕೆ ಮರಿ? ಯಾರು ಹೇಳಿದ್ರು? ಇಲ್ಲಿ ಎಲ್ಲರೂ ಎಲ್ಲರ ಕೈ ಹಿಡೀತೀವಿ. ಬಾ, ನಾನು ಹಿಡೀತೀನಿ ಮೊದಲು" ಅಂತ ಹೇಳಿ ಹಿಡಿದು ತೋರಿಸಿ. ಕೈ ಹಿಡಿಸಿಕೊಳ್ಳದ ಮಗುವಿನ ಹತ್ತಿರವೂ ಹೋಗಿ ಮಾತಾಡಿ, ತಪ್ಪು ನಿನ್ನದಲ್ಲ ಅಂತ ಅದಕ್ಕೆ ಗೊತ್ತಾಗಲಿ. ಅವತ್ತು ನನ್ನ ಟೀಚರ್ ಇಷ್ಟು ಮಾಡಿದ್ದರೆ ಸಾಕಿತ್ತು. ಅವರು ಕೆಟ್ಟವರಲ್ಲ. ಆ ಮನೆಯ ಜಗಲಿ ಹೋದರೆ ಬಾಲವಾಡಿಯೇ ಹೋಗುತ್ತೆ ಅಂತ ಹೆದರಿದ್ದರು.

ಆ ಭಯ ಇವತ್ತಿನ ಟೀಚರ್‌ಗಳಿಗೂ ಇದೆ. ಕೊಡೋದು ಗೌರವಧನ, ಮಾಡಿಸೋದು ಸರ್ವೆಯಿಂದ ಎಲೆಕ್ಷನ್ ತನಕ ಎಲ್ಲ ಕೆಲಸ, ಮೇಲೆ ಪೋಷಣ್ ಟ್ರ್ಯಾಕರ್ ಫೋಟೊ. ಅವರ ಹೆಗಲ ಮೇಲೇ ಜಾತಿ ವಿನಾಶವನ್ನೂ ಹೊರಿಸಿ ನಾವು ಕೈ ತೊಳ್ಕೊಳೋ ಹಾಗಿಲ್ಲ. ನಮ್ಮ ಸಂಘಟನೆಗಳು ಅವರ ಬೆನ್ನಿಗೆ ನಿಲ್ಲಬೇಕು. ಕೇರಿಯ ತಾಯಂದಿರು ಬಾಲವಿಕಾಸ ಸಮಿತಿಯಲ್ಲಿ ಇದ್ದಾರಾ ಅಂತ ನೋಡಬೇಕು. ಅಂಗನವಾಡಿಗೆ ಎಲ್ಲರೂ ಬರಬಹುದಾದ ಜಾಗದಲ್ಲಿ ಸ್ವಂತ ಕಟ್ಟಡ ಕೇಳಬೇಕು. ಟೀಚರ್ ತರಬೇತಿಯಲ್ಲಿ ಜಾತಿ ಬಗ್ಗೆ ಒಂದು ದಿನವಾದರೂ ಇರಲಿ ಅಂತ ಕೇಳಬೇಕು. ಶಿಕ್ಷಣದ ಹಕ್ಕು ಮೂರನೇ ವರ್ಷದಿಂದ ಶುರುವಾಗಲಿ ಅಂತ ಕೇಳಬೇಕು. ಏಪ್ರಿಲ್ 14ಕ್ಕೆ ಡಿಜೆ ಹಾಕೋ ಹುಡುಗರೇ, ಏಪ್ರಿಲ್ 15ಕ್ಕೆ ನಿಮ್ಮೂರ ಅಂಗನವಾಡಿಗೆ ಒಂದು ಸಲ ಹೋಗಿ ಬನ್ನಿ. ಎಲ್ಲಿ ಯಾರು ಕೂತಿದ್ದಾರೆ ನೋಡಿ ಬನ್ನಿ, ಸಾಕು.

ನನ್ನನ್ನು ತಡೆದ ಆ ಹುಡುಗಿ ಕೆಲವು ವರ್ಷದ ಹಿಂದೆ ಸಾಗರದ ಬಸ್ ಸ್ಟ್ಯಾಂಡಲ್ಲಿ ಸಿಕ್ಕಿದ್ದಳು. ಪ್ರೀತಿಯಿಂದ ಮಾತಾಡಿಸಿದಳು, ಕೈ ಹಿಡ್ಕೊಂಡೇ ಮಾತಾಡಿದಳು. ಬಾಲವಾಡಿ ನೆನಪಿದೆಯಾ ಅಂತ ಕೇಳಿದೆ. "ಅಯ್ಯೋ, ಎಷ್ಟು ಚೆನ್ನಾಗಿತ್ತಲ್ವಾ, ಎಲ್ಲರೂ ಒಟ್ಟಿಗೆ ಕೂತು ಹಾಡು ಹೇಳ್ತಿದ್ವಿ" ಅಂದಳು. ಸುಳ್ಳು ಹೇಳಲಿಲ್ಲ ಅವಳು. ಜಗಲಿ ಮೇಲಿಂದ ಹಾಗೇ ಕಾಣ್ತಿತ್ತು.

ಟೀಚರ್ ಅಕ್ಕಾ, ನಿಮ್ಮ ಪ್ರಶ್ನೆಗೆ ಇದು ನನ್ನ ಉತ್ತರ. ಮಗುವಿನ ತಲೆಗೆ ನಾವು ಹೊಸದಾಗಿ ಏನೂ ತುಂಬಲ್ಲ. ತುಂಬುವ ಕೆಲಸ ಆಗಲೇ ನಡೀತಾ ಇದೆ. ಇಡೀ ಊರಲ್ಲಿ ಅದಕ್ಕೆ "ಹಾಗಲ್ಲ ಮರಿ" ಅಂತ ಹೇಳಬಹುದಾದ ಮೊದಲನೇ ವ್ಯಕ್ತಿ ನೀವು.

ಜೈ ಭೀಮ್.